ಯಾರಿಗೆ ಯಾರು ಬೇಕು

ಕಂಪ್ಯೂಟರು 'ಆಗುವುದಿಲ್ಲ' ಅನ್ನುವುದಕ್ಕೆ ನೂರು ದಾರಿಗಳಿವೆ. ಸುಮ್ಮನೆ ನಿಂತುಬಿಡುತ್ತದೆ, ತೆರೆ ಕಪ್ಪಾಗುತ್ತದೆ, ಅರ್ಥವಾಗದ ಒಂದು ಸಂಖ್ಯೆ ತೋರಿಸಿ ಮುಗುಮ್ಮಾಗುತ್ತದೆ. ಇವೆಲ್ಲದರ ನಡುವೆ ನನಗೆ ಮೆಚ್ಚುಗೆಯಾದದ್ದು ಲಿನಕ್ಸಿನ 'ಅನ್‌ಮೆಟ್ ಡಿಪೆಂಡೆನ್ಸೀಸ್'. ಅದು ಇಲ್ಲ ಅಂದರೂ ಕಾರಣ ಕೊಡುತ್ತದೆ. ನೀನು ಕೇಳಿದ ಪ್ಯಾಕೇಜಿಗೆ ಇನ್ನೊಂದು ಬೇಕು, ಅದು ಇಂಥ ಆವೃತ್ತಿಗಿಂತ ಹಳೆಯದಾಗಿರಕೂಡದು, ನಿನ್ನಲ್ಲಿರುವುದು ಹಳೆಯದು ಎಂದು ಬಿಡಿಸಿ ಹೇಳುತ್ತದೆ. ಇಂಥ ಸಾಲುಗಳು ಕಂಡಾಗ ಜತೆಯವರು ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ನಾನು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತೇನೆ.

ಅಮೀರ್‌ಪೇಟೆಯಲ್ಲಿ ಇರುವವನಿಗೆ ಈ ಹವ್ಯಾಸಕ್ಕೆ ಬರಗಾಲವೆಂಬುದಿಲ್ಲ. ಮೈತ್ರೀವನಂನಿಂದ ಆದಿತ್ಯ ಎನ್‌ಕ್ಲೇವ್‌ವರೆಗೆ ಗೋಡೆ ಕಾಣದಂತೆ ಕೋಚಿಂಗ್ ಸೆಂಟರುಗಳ ಬ್ಯಾನರು. ಮೆಟ್ರೋ ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಜಾವಾ, ಪೈಥಾನ್, ಡೆವ್‌ಆಪ್ಸ್ ಎಂದು ಕೈತುಂಬ ಕರಪತ್ರ. ಬೀದರಿನಿಂದ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರವಾದ್ದರಿಂದ ಭಾಲ್ಕಿ, ಹುಮನಾಬಾದ್, ಕಲಬುರಗಿ ಕಡೆಯ ಹುಡುಗರು ಇಲ್ಲಿಗೇ ಬರುತ್ತಾರೆ. ಎಸ್.ಆರ್. ನಗರದ ಹಾಸ್ಟೆಲುಗಳಲ್ಲಿ ಅನಂತಪುರದವರ ಜತೆ ಕೋಣೆ ಹಂಚಿಕೊಂಡು, ತಿಂಗಳೊಪ್ಪತ್ತಿನಲ್ಲಿ ತೆಲುಗು ಕಲಿತುಬಿಡುತ್ತಾರೆ. ಅವರ ಕೈಯಲ್ಲಿ ಜೆರಾಕ್ಸ್ ಅಂಗಡಿಯಿಂದ ಕೊಂಡ ಕ್ಲಾಸ್ ನೋಟ್ಸು ಇರುತ್ತದೆ. ನೋಟ್ಸು ಬರೆದವರ ಎದುರಿಗಿದ್ದದ್ದು ಸೆಂಟ್‌ಓಎಸ್, ಓದುವವನ ಲ್ಯಾಪ್‌ಟಾಪಿನಲ್ಲಿರುವುದು ಉಬುಂಟು; ಎರಡೂ ಲಿನಕ್ಸಿನವೇ, ಆದರೆ ಬೇರೆ ಬೇರೆ ಡಿಸ್ಟ್ರೋಗಳು. ನೋಟ್ಸಿನಲ್ಲಿ 'ಯಮ್ ಇನ್‌ಸ್ಟಾಲ್ ಎಚ್‌ಟಿಟಿಪಿಡಿ' ಎಂದಿದ್ದರೆ ಇಲ್ಲಿ ಯಮ್‌ ಬದಲು ಆಪ್ಟ್ ಇದೆ, ಅದೇ ವೆಬ್ ಸರ್ವರು 'ಅಪಾಚೆ2' ಎಂಬ ಹೆಸರಲ್ಲಿ ಕೂತಿದೆ. ಅಲ್ಲಿ 'ಡೆವೆಲ್' ಎಂದು ಕೊನೆಯಾಗುವ ಪ್ಯಾಕೇಜುಗಳು ಇಲ್ಲಿ 'ಡೆವ್' ಎಂದು ಮುಗಿಯುತ್ತವೆ.

ನಮ್ಮ ಲಿಪಿಯದ್ದೇ ನೋಡಿ. ಲೋಹಿತ್ ಕನ್ನಡ ಫಾಂಟು ಫೆಡೋರಾದಲ್ಲಿ 'ಲೋಹಿತ್-ಕನ್ನಡ-ಫಾಂಟ್ಸ್', ಡೆಬಿಯನ್‌ನಲ್ಲಿ 'ಫಾಂಟ್ಸ್-ಲೋಹಿತ್-ಕೆಎನ್‌ಡಿಎ'. ಡೆಬಿಯನ್‌ನಲ್ಲಿ 'ಫಾಂಟ್ಸ್-ಇಂಡಿಕ್' ಎಂಬ ಪ್ಯಾಕೇಜು ಹಾಕಿದರೆ ಅದರೊಳಗೆ ಒಂದು ಅಕ್ಷರದ ಆಕಾರವೂ ಇರುವುದಿಲ್ಲ, ಇರುವುದು ಬರೀ ಬೇಡಿಕೆಗಳ ಪಟ್ಟಿ. ಅದು ಕನ್ನಡದ ಗೊಂಚಲನ್ನು ಕರೆಯುತ್ತದೆ, ಆ ಗೊಂಚಲು ಲೋಹಿತ್, ಗುಬ್ಬಿ, ನವಿಲುಗಳನ್ನು ಕರೆತರುತ್ತದೆ. ಫಾಂಟು ಬಂದ ಮಾತ್ರಕ್ಕೂ ಕೆಲಸ ಮುಗಿಯದು. 'ಸ್ತ್ರೀ' ಎಂದು ಒತ್ತಕ್ಷರಗಳನ್ನು ಅದರದರ ಜಾಗದಲ್ಲಿ ಕೂರಿಸುವುದಕ್ಕೆ ಹಾರ್ಫ್‌ಬಜ್ ಎಂಬ ಲೈಬ್ರರಿ ಬೇಕು, ಪ್ಯಾಂಗೊ ಅದನ್ನು ನೆಚ್ಚಿದೆ, ನಾವು ಬರೆಯುವ ಎಡಿಟರು ಪ್ಯಾಂಗೊವನ್ನು ನೆಚ್ಚಿದೆ. ಒಂದು ಸಾಲು ಕನ್ನಡ ತೆರೆಯ ಮೇಲೆ ಸರಿಯಾಗಿ ಮೂಡಲು ಎಷ್ಟು ಜನ ಅಪರಿಚಿತರ ಕೆಲಸ ಒಂದಕ್ಕೊಂದು ಹೊಂದಿಕೊಳ್ಳಬೇಕು! ಈ ಸರಪಳಿಯನ್ನು ತುದಿಯಿಂದ ಬುಡದವರೆಗೆ ಓದಿಕೊಂಡು ಹೋಗುವುದು ನನಗೆ ನಿಜವಾದ ಸುಖ.

ಇದನ್ನು ಕೈಯಲ್ಲೇ ಬಿಡಿಸುತ್ತಿದ್ದ ಕಾಲವೊಂದಿತ್ತು. 1995ರಲ್ಲಿ ರೆಡ್ ಹ್ಯಾಟ್‌ನವರ ಆರ್‌ಪಿಎಂ ಬಂದಾಗ ಅದು ಏನು ಬೇಕೆಂದು ಹೇಳುತ್ತಿತ್ತು, ತಂದುಕೊಡುತ್ತಿರಲಿಲ್ಲ. ಒಂದನ್ನು ತಂದರೆ ಮೂರು ಕೇಳುವುದು, ಆ ಮೂರನ್ನು ತಂದರೆ ಮತ್ತಷ್ಟು. ತಾನೇ ಹುಡುಕಿ ತರುವ ಆಪ್ಟ್ 1999ರ ಡೆಬಿಯನ್ 2.1ರ ಜತೆ ಬಂತು. ಆರ್‌ಪಿಎಂ ಕಡೆಗೆ ಆ ನೆಮ್ಮದಿ ತಂದವರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಸೇತ್ ವಿಡಾಲ್ ಮುಖ್ಯರು. ಯೆಲ್ಲೋ ಡಾಗ್ ಎಂಬ ಡಿಸ್ಟ್ರೋದ ಅಪ್‌ಡೇಟರನ್ನು ತಿದ್ದಿ ಯಮ್ ಕಟ್ಟಿದರು. 2013ರ ಜುಲೈಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಕಾರು ಬಡಿದು ತೀರಿಕೊಂಡರು. ಅಮೀರ್‌ಪೇಟೆಯ ಲ್ಯಾಬುಗಳಲ್ಲಿ ದಿನಬೆಳಗಾದರೆ ಬೆರಳುಗಳು ಬಡಿಯುವ ಮೂರಕ್ಷರ ಅವರದ್ದು ಎಂದು ಹುಡುಗರಿಗೆ ನಾನು ತಪ್ಪದೆ ಹೇಳುತ್ತೇನೆ.

ತಂದುಕೊಡುವುದು ಸುಲಭ, ಯಾವುದನ್ನು ತರಬೇಕು ಎಂದು ತೀರ್ಮಾನಿಸುವುದೇ ಕಷ್ಟ. ಬೇಕು ಎನ್ನುವವರ ಜತೆಗೆ 'ಅವನು ಬಂದರೆ ನಾನು ಬರುವುದಿಲ್ಲ' ಅನ್ನುವವರೂ ಪ್ಯಾಕೇಜುಗಳಲ್ಲಿದ್ದಾರೆ, ಮದುವೆಮನೆಯ ಒಂದೇ ಪಂಕ್ತಿಯಲ್ಲಿ ಕೂರಲೊಲ್ಲದ ದಾಯಾದಿಗಳ ಹಾಗೆ. ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಆಯ್ಕೆ ಇದೆಯೇ ಎಂದು ಪತ್ತೆ ಹಚ್ಚುವುದು ಗಣಕಶಾಸ್ತ್ರದ ಅತಿ ಜಟಿಲ ಲೆಕ್ಕಗಳ ಗುಂಪಿಗೇ ಸೇರಿದ್ದೆಂದು ಯುರೋಪಿನ ಸಂಶೋಧಕರು ಸಾಬೀತುಪಡಿಸಿದ್ದಾರೆ. ಸುಡೊಕುವನ್ನೂ ಪ್ಯಾಕೇಜುಗಳಾಗಿ ಬರೆಯಬಹುದು: 81 ಮನೆ, ಪ್ರತಿ ಮನೆಗೆ 9 ಅಂಕಿ, ಒಟ್ಟು 729 ಪ್ಯಾಕೇಜು. ಒಂದೇ ಅಡ್ಡಸಾಲಿನ ಎರಡು ಐದುಗಳು ಪರಸ್ಪರ ವಿರೋಧಿಗಳು ಎಂಬಂಥ ನಿಯಮಗಳನ್ನೆಲ್ಲ ಘೋಷಿಸಿದರೆ ಉಳಿದದ್ದನ್ನು ಇನ್‌ಸ್ಟಾಲರೇ ಬಿಡಿಸುತ್ತದೆ. ಇಂಥ ಲೆಕ್ಕಕ್ಕೆಂದೇ ಇರುವ ವಿಧಾನವನ್ನು ಓಪನ್‌ಸೂಸೆ 2008ರಲ್ಲಿ ಅಳವಡಿಸಿಕೊಂಡಿತು, ಯಮ್‌ನ ಉತ್ತರಾಧಿಕಾರಿ ಡಿಎನ್‌ಎಫ್ ಕೂಡ ಅದನ್ನೇ ನೆಚ್ಚಿದೆ.

ಈಚೆಗೆ ಭಾಲ್ಕಿಯ ಹುಡುಗನೊಬ್ಬ ತನ್ನ ಲ್ಯಾಬಿಗೆ ಕರೆದುಕೊಂಡು ಹೋದ. "ಅಣ್ಣಾ, ನೋಡ್‌ಜೆಎಸ್ ಓಡವಲ್ದು ನೋಡ್ರಿ. ಗ್ಲಿಬ್‌ಸಿ ಇಲ್ಲ ಅಂತದ. ಹೊಸಾದು ಇಳಿಸಿ ಇಟ್ಟೀನಿ, ಹಳೇದ್ರ ಮ್ಯಾಲ ಹಾಕಿಬಿಡ್ಲೇನ್ರಿ?"

"ತಡಿಯೋ ತಮ್ಮಾ, ಮದಲ ಪೂರಾ ಓದು."

ಯಂತ್ರದಲ್ಲಿದ್ದದ್ದು ಸೆಂಟ್‌ಓಎಸ್ 7. ಅದರ ಮೂಲ ಲೈಬ್ರರಿಯಾದ ಗ್ಲಿಬ್‌ಸಿ 2.17, ಅಂದರೆ 2012ರ ಕೊನೆಯದು. ಅವನು ತಂದಿದ್ದ ನೋಡ್‌ 18ಕ್ಕೆ 2018ರ 2.28 ಬೇಕು. ಗ್ಲಿಬ್‌ಸಿ ಕಟ್ಟಿದವರ ಒಂದು ನಿಷ್ಠೆ ನನಗೆ ಬಹಳ ಮೆಚ್ಚಿಗೆ: ಹೊಸ ಆವೃತ್ತಿಯಲ್ಲೂ ಹಳೆಯ ಫಂಕ್ಷನ್ನುಗಳನ್ನು ಹಳೆಯ ಗುರುತಿನೊಂದಿಗೇ ಉಳಿಸಿಕೊಂಡು ಬರುತ್ತಾರೆ. ಹಾಗಾಗಿ ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಓಡುತ್ತದೆ. ಹೊಸ ಪ್ರೋಗ್ರಾಂ ಹಳೆಯದರಲ್ಲಿ ಓಡಬೇಕೆಂದರೆ ಅದನ್ನು ಹಳೆಯ ಗ್ಲಿಬ್‌ಸಿಗೆ ಹೊಂದುವಂತೆಯೇ ಕಟ್ಟಿರಬೇಕು. ಇಷ್ಟು ತಿಳಿದರೆ ಡಿಸ್ಟ್ರೋ ದಾಟುವ ತೊಡಕುಗಳಲ್ಲಿ ಅರ್ಧ ತಾವಾಗಿ ಬಿಚ್ಚಿಕೊಳ್ಳುತ್ತವೆ. ಗ್ಲಿಬ್‌ಸಿಯನ್ನು ಹಳೆಯದರ ಮೇಲೆ ಹೇರಿ ಅದು ಕೆಟ್ಟಿತೋ, ಫೈಲು ತೋರಿಸುವ ಕಮಾಂಡೂ ಓಡದು, ಹಳೆಯದನ್ನು ಮರಳಿ ಕಾಪಿ ಮಾಡುವ ಕಮಾಂಡೂ ಓಡದು, ಎಲ್ಲವೂ ಅದರ ಮೇಲೆಯೇ ನಿಂತಿವೆ. ಹುಡುಗ ಕೀಬೋರ್ಡಿನಿಂದ ಕೈ ತೆಗೆದ. ಅಂದಿನ ಅಭ್ಯಾಸಕ್ಕೆ ನೋಡ್ 16 ಹಾಕಿದೆವು. ಅದು 2.17ರಲ್ಲೇ ತೃಪ್ತಿಪಡುತ್ತದೆ.

"ಡಾಕರ್‌ನಾಗ ಹಾಕಿದ್ರ ಇದೆಲ್ಲಾ ಬೇಕಾಗೇ ಇಲ್ಲಲ್ರಿ?" ಎಂದ. ಒಳ್ಳೆಯ ಪ್ರಶ್ನೆ. 2013ರಿಂದ ಈಚೆಗೆ ಲೋಕವೆಲ್ಲ ಆ ಕಡೆಗೇ ಹೊರಳಿದೆ. ಪ್ರೋಗ್ರಾಂಗೆ ಬೇಕಾದದ್ದನ್ನೆಲ್ಲ ಅದರ ಜತೆಗೇ ಕಟ್ಟಿ ಕಳಿಸಿದರೆ ಜಗಳವೇ ಇಲ್ಲ, ನಾನೂ ಬಳಸುತ್ತೇನೆ. ಆದರೆ 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಹೊರಬಿದ್ದಾಗ ಡಿಸ್ಟ್ರೋಗಳು ಒಂದು ಲೈಬ್ರರಿಯನ್ನು ತಿದ್ದಿ ಕಳಿಸಿದವು, ಅದನ್ನು ಅಪ್‌ಡೇಟ್ ಮಾಡಿ ಸರ್ವೀಸುಗಳನ್ನು ರೀಸ್ಟಾರ್ಟ್ ಮಾಡಿದರೆ ಅದನ್ನು ನೆಚ್ಚಿದ ಪ್ರೋಗ್ರಾಂಗಳೆಲ್ಲ ಒಟ್ಟಿಗೆ ಸುರಕ್ಷಿತವಾದವು. ಪ್ರತಿಯೊಂದೂ ತನ್ನ ಸ್ವಂತ ನಕಲನ್ನು ಹೊತ್ತು ತಿರುಗಿದ್ದರೆ ಪ್ರತಿಯೊಂದನ್ನೂ ಹುಡುಕಿ ತಿದ್ದಬೇಕಿತ್ತು. ಒಬ್ಬರನ್ನೊಬ್ಬರು ನೆಚ್ಚುವುದರ ಲಾಭ ಇದು, ಅನ್‌ಮೆಟ್ ಡಿಪೆಂಡೆನ್ಸಿ ಅದಕ್ಕೆ ತೆರುವ ಬೆಲೆ. ನನ್ನ ಮಟ್ಟಿಗೆ ಆ ಬೆಲೆ ಹೆಚ್ಚಲ್ಲ. ಉಬುಂಟು 22.04ರಲ್ಲಿ ಓಪನ್‌ಎಸ್‌ಎಸ್‌ಎಲ್ 1.1 ತೆಗೆದು 3 ಇಟ್ಟಾಗ, ಹಳೆಯದನ್ನು ಎಲ್ಲಿಂದಲೋ ತಂದು ತುರುಕಿದವರು ಬಹಳ. ಪ್ರೋಗ್ರಾಂ ಓಡುತ್ತದೆ ನಿಜ, ಆದರೆ ಆ ಲೈಬ್ರರಿಗೆ ಮುಂದೆ 22.04ರ ರೆಪೊದಿಂದ, ಅಂದರೆ ಪ್ಯಾಕೇಜು ಭಂಡಾರದಿಂದ, ಯಾವ ತಿದ್ದುಪಡಿಯೂ ಬರುವುದಿಲ್ಲ. ಅದಕ್ಕೇ ತಕರಾರನ್ನು ಕಡೆಗಣಿಸಿ ಪ್ಯಾಕೇಜು ತುರುಕುವ 'ಫೋರ್ಸ್', 'ನೋಡೆಪ್ಸ್' ಎರಡನ್ನೂ ನಾನು ಹುಡುಗರಿಗೆ ಕಲಿಸುವುದಿಲ್ಲ. ಮೊದಲು ಕಲಿಸುವುದು ವಿಚಾರಿಸುವ ಕಮಾಂಡುಗಳು: ಈ ಫೈಲು ಯಾವ ಪ್ಯಾಕೇಜಿನದು, ಈ ಆವೃತ್ತಿ ಯಾವ ರೆಪೊದಿಂದ ಬಂತು, ಇದನ್ನು ತೆಗೆದರೆ ಯಾರು ಯಾರು ಹೊರಡುತ್ತಾರೆ.

ಸೆಂಟ್‌ಓಎಸ್ 7ರ ಆಯುಷ್ಯ 2024ರ ಜೂನ್ 30ಕ್ಕೇ ಮುಗಿದಿದೆ. ಲ್ಯಾಬು ನೋಡಿಕೊಳ್ಳುವವರನ್ನು ಹುಡುಗ ಒಪ್ಪಿಸಿದ್ದಾನೆ, ಭಾನುವಾರ ಕೂತು ಯಂತ್ರಗಳನ್ನು ಅಲ್ಮಾಲಿನಕ್ಸಿಗೆ ದಾಟಿಸಬೇಕು. ಪಟ್ಟಿ ಈಗಲೇ ಬರೆಯುತ್ತಿದ್ದೇವೆ. ಮೊದಲ ಸಾಲು ಪೈಥಾನ್‌ನದು: 7ರಲ್ಲಿ ಯಮ್ ಪೈಥಾನ್ 2ರ ಮೇಲೆ ನಿಂತಿದ್ದರಿಂದ, 'ಪೈಥಾನ್' ಎಂಬ ಹೆಸರನ್ನು ಯಾರಾದರೂ 3ರ ಕಡೆ ತಿರುಗಿಸಿದ ಕೂಡಲೇ ಯಮ್ಮೇ ಕೈಕೊಡುತ್ತಿತ್ತು. 8ರಲ್ಲಿ ಸಿಸ್ಟಮ್ಮಿಗೆಂದೇ ಬೇರೆ ಪೈಥಾನ್ ಇದೆ, ವಿದ್ಯಾರ್ಥಿಗಳು ತಮಗೆ ಬೇಕಾದ ಆವೃತ್ತಿಯನ್ನು ಪಕ್ಕದಲ್ಲಿ ನಿರಾತಂಕವಾಗಿ ಹಾಕಿಕೊಳ್ಳಬಹುದು. ಎರಡನೆಯ ಸಾಲಿನಲ್ಲಿ ಹುಡುಗ ತಾನಾಗಿಯೇ ಬರೆದಿದ್ದಾನೆ: ಲೋಹಿತ್ ಕನ್ನಡ.