ಬಂಡೀಪುರದ ಬಳಸುದಾರಿ

2018ರ ದಸರೆಗೆಂದು ತಾಳವಾಡಿಯಿಂದ ಮೈಸೂರಿಗೆ ಹೊರಟಿದ್ದ ನಾವು, ಚಾಮರಾಜನಗರದಲ್ಲಿ ಮಕ್ಕಳ ಹಟಕ್ಕೆ ಮಣಿದು ಗುಂಡ್ಲುಪೇಟೆಯತ್ತ ತಿರುಗಿ ಬಂಡೀಪುರವನ್ನು ಸೇರಿದೆವು. 1973ರಲ್ಲಿಯೇ ಹುಲಿ ಯೋಜನೆಗೆ ಸೇರಿದ ಆ ಅರಣ್ಯದಲ್ಲಿ ನಮಗೆ ಮೊದಲು ಕಂಡುದು ಮನುಷ್ಯರೇ! ಟಿಕೆಟ್ಟಿನ ಸಾಲಿನಲ್ಲಿ ಎರಡು ಗಂಟೆ ನಿಂತೆವು. ಕಡೆಗೆ ಬಸ್ಸು ಕಾಡನ್ನು ಹೊಕ್ಕಿತು. ಲಂಟಾನದ ಪೊದೆಯ ಮರೆಯಲ್ಲಿ ಒಂಟಿ ಆನೆಯೊಂದು ಕಿವಿ ಬೀಸುತ್ತ ನಿಂತಿತ್ತು. ಜನರೆಲ್ಲ ಒಂದೇ ಕಡೆಗೆ ನುಗ್ಗಿದರು. ನಮ್ಮ ತಾಯಿಯವರು ಮಾತ್ರ ಕುಳಿತಲ್ಲಿಂದ ಏಳಲಿಲ್ಲ.

"ನಮ್ಮ ವಲಕ್ಕೆ ಇದು ಟಿಕೆಟ್ಟಿಲ್ದೆ ಬತ್ತದಲ್ಲಪ್ಪ!" ಎಂದರು.

ಹಿಂದಿನ ವಾರವಷ್ಟೆ ನಮ್ಮ ಅರ್ಧ ಎಕರೆ ಕಬ್ಬು ಒಂದೇ ಇರುಳಿನಲ್ಲಿ ನೆಲಸಮವಾಗಿತ್ತು. ತಮಟೆ ಬಡಿದು, ಪಟಾಕಿ ಹಚ್ಚಿ ಬೆಳಗು ಮಾಡಿದ್ದೆವು. ಮುಂದಿನ ಆಸನದ ಪೇಟೆಯ ಹುಡುಗಿ ಆನೆಗೆ ಕೈಮುಗಿದಳು. ಕ್ಷಣಕಾಲ ತಡೆದು ತಾಯಿಯವರೂ ಮುಗಿದರು. ಊರಿನಲ್ಲಿ ರಾಗಿ ತೆನೆಗಟ್ಟುತ್ತಿತ್ತು.