ಪುರದವರು ಕೇಳಿದ್ದು ನೀರು

ಪ್ರೀತಿಯ ಓದುಗ ಗೆಳತಿಗೆ,

ಸೌರವಿದ್ಯುತ್ತಿನ ಬಗ್ಗೆ ಸಂಶೋಧನೆಗೆ ಹೊರಟಿದ್ದೀರಿ. ಎಂಜಿನಿಯರಿಂಗ್ ಓದಿದವಳಿಗೆ ಊರು, ದನ, ಹೊಲ, ಕೂಲಿಯ ಉಸಾಬರಿ ಯಾಕೆ ಎಂದು ಗೆಳೆಯರು ಕೇಳುತ್ತಾರಂತೆ. ಅವರಿಗೆ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯ ಕತೆ ಹೇಳಿ.

ಅಮೂಲ್ಯ ರೆಡ್ಡಿಯವರು ವಿದ್ಯುದ್ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಮುಂದಾಳುತನದಲ್ಲಿ ಹಳ್ಳಿಗಳಿಗಾಗಿ ದುಡಿಯುವ 'ಅಸ್ತ್ರ' ಎಂಬ ತಂಡ ಶುರುವಾಯಿತು. ಪುರಕ್ಕೆ ಹೋದ ಆ ತಂಡ ಮೊದಲು ಮಾಡಿದ ಕೆಲಸ ಲೆಕ್ಕ ಹಾಕುವುದು. ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ಹೊತ್ತು ತರುತ್ತಾರೆ, ನೀರಿಗೆ ಎಷ್ಟು ಹೊತ್ತು ಹೋಗುತ್ತದೆ ಎಂಬುದನ್ನೆಲ್ಲ ಬರೆದುಕೊಂಡರು. ಊರಿನ ಇಂಧನದಲ್ಲಿ ಬಹುಪಾಲು ಸೌದೆಯೇ. ಮೈಮುರಿದು ಮಾಡುವ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು, ಜೊತೆಗೆ ಮಕ್ಕಳದೂ ಪಾಲಿತ್ತು. ವಿದ್ಯುತ್ ಮೀಟರಿಗೆ ಎಂದೂ ಸಿಗದ ಈ ಶಕ್ತಿಯನ್ನು ಲೆಕ್ಕದ ಪುಸ್ತಕಕ್ಕೆ ತಂದದ್ದೇ ನನ್ನ ಮಟ್ಟಿಗೆ ಆ ತಂಡದ ದೊಡ್ಡ ಕೆಲಸ.

ಮುಂದೆ ಊರಿಗೆಲ್ಲ ಸೇರಿ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮನೆಮನೆಗೆ ಅಡುಗೆ ಅನಿಲ ಕೊಡುವುದು ಉದ್ದೇಶ. ಅದು ನಡೆಯಲಿಲ್ಲ. ಎಲ್ಲ ಮನೆಯ ಒಲೆಗೂ ಸಾಲುವಷ್ಟು ಸಗಣಿಯೇ ಊರಿನಲ್ಲಿರಲಿಲ್ಲ. ಊರವರೊಂದಿಗೆ ಕೂತು ಮಾತಾಡಿದಾಗ ಅವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು ಎಂದು ಗೊತ್ತಾಯಿತು. 1987ರಲ್ಲಿ ದಾರಿ ಬದಲಾಯಿತು. ಅನಿಲ, ಜೊತೆಗೆ ಒಂದಿಷ್ಟು ಡೀಸೆಲ್ ಬಳಸಿ ಎಂಜಿನ್ ಓಡಿಸಿ ವಿದ್ಯುತ್ ತೆಗೆದರು. ಅದರಿಂದ ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಯಿತು. ಸಗಣಿ ತಂದು ಹಾಕಿದವರಿಗೆ ತೂಕದ ಮೇಲೆ ಕಾಸು. ಅದು ಹೆಚ್ಚಾಗಿ ಹೆಂಗಸರು, ಮಕ್ಕಳ ಕೈಗೇ ಸೇರುತ್ತಿತ್ತು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಕೊಟ್ಟವರ ಹೊಲಕ್ಕೇ ಮರಳುತ್ತಿತ್ತು. ಹಾಗಾಗಿ ಮಣ್ಣಿಗೂ ನಷ್ಟವಿಲ್ಲ. ನಡೆಸಿದವರು ಊರಿನವರೇ.

ಇದರಲ್ಲಿ ರಸಾಯನಶಾಸ್ತ್ರ ಎಲ್ಲಿ ಮುಗಿಯಿತು, ಅರ್ಥಶಾಸ್ತ್ರ ಎಲ್ಲಿ ಶುರುವಾಯಿತು, ಹೇಳಿ ನೋಡೋಣ! ದನಗಳ ಎಣಿಕೆ ಬಿಟ್ಟಿದ್ದರೆ ಸ್ಥಾವರ ಯಾಕೆ ಸೋತಿತೆಂದೇ ತಿಳಿಯುತ್ತಿರಲಿಲ್ಲ. ಊರವರ ಮಾತು ಕೇಳದಿದ್ದರೆ ಅದು ಪಾಳು ಬಿದ್ದಿರುತ್ತಿತ್ತು.

ನೀವು ಸಂಶೋಧನೆಗೆ ಆರಿಸಿಕೊಂಡ ಪಾವಗಡದ ಸೌರವಿದ್ಯುತ್ ಪಾರ್ಕೂ ಅದೇ ತುಮಕೂರು ಜಿಲ್ಲೆಯದು. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಕೊಂಡದ್ದಲ್ಲ, ರೈತರಿಂದ ಗುತ್ತಿಗೆಗೆ ಪಡೆದದ್ದು. ಬರ ಕಂಡ ರೈತನಿಗೆ ವರ್ಷ ವರ್ಷ ಬರುವ ಗುತ್ತಿಗೆ ಹಣ ಸಣ್ಣದಲ್ಲ, ಅದು ನನಗೆ ನಿಜಕ್ಕೂ ಒಪ್ಪಿಗೆ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಭೂಮಿಯಿಲ್ಲದವರ ಹೆಸರು ಯಾವ ಗುತ್ತಿಗೆ ಪತ್ರದಲ್ಲೂ ಇರುವುದಿಲ್ಲ. ಕುರಿ ಮೇಯುತ್ತಿದ್ದ ಬಯಲಿನ ಕತೆಯೂ ಅಷ್ಟೇ. ಸೌರಫಲಕ ತೊಳೆಯುವ ನೀರು ಎಲ್ಲಿಂದ ಬರುತ್ತದೆ, ಅದನ್ನೂ ಕೇಳಿ.

ಹೋದ ದಿನವೇ ಕಂಟ್ರೋಲ್ ರೂಮಿಗೆ ಹೋಗಬೇಡಿ. ಮೊದಲು ಕೂಲಿಯವರ ಕೇರಿಯಲ್ಲಿ ಒಂದು ಸಂಜೆ ಕೂತು ಬನ್ನಿ. ಅವರು ಹೇಳಿದ್ದನ್ನು ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.

ನಿಮ್ಮ ವಿಶ್ವಾಸದ,
ಪತ್ರಮಿತ್ರ