ಚತುಸ್ಸೀಮೆಯೊಳಗಿನ ಕಾಲುದಾರಿ

ಭೂದಾನದ ಶಾಸನಗಳಲ್ಲಿ ಓದುಗರು ಸಾಮಾನ್ಯವಾಗಿ ದಾಟಿಹೋಗುವ ಭಾಗವೊಂದುಂಟು. ಅರಸನ ಪ್ರಶಸ್ತಿ, ದಾನಿಯ ವಂಶ, ಆಚಾರ್ಯಪರಂಪರೆ ಇವುಗಳನ್ನು ಆಸಕ್ತಿಯಿಂದ ಓದಿದವರೂ ಎಲ್ಲೆಗಳ ವಿವರ ಬಂದಕೂಡಲೇ ಪುಟ ಮಗುಚುತ್ತಾರೆ. ಮೂಡಲಿಗೆ ಒಂದು ಮರ, ತೆಂಕಲಿಗೆ ಹುತ್ತ, ಪಡುವಲಿಗೆ ಹಳ್ಳ, ಬಡಗಲಿಗೆ ನಟ್ಟ ಕಲ್ಲು ಎಂಬಂಥ ಪಟ್ಟಿಯಲ್ಲಿ ಕಾವ್ಯವೂ ಇಲ್ಲ, ಚರಿತ್ರೆಯೂ ಇಲ್ಲವೆಂಬ ಭಾವನೆ ಅದಕ್ಕೆ ಕಾರಣ. ಧಾರವಾಡದಲ್ಲಿ ಮೂವತ್ತು ವರ್ಷ ಹಳಗನ್ನಡವನ್ನು ಬೋಧಿಸಿದ ಮಾಸ್ತರೊಬ್ಬರು ಈ ಭಾಗವನ್ನು ಬಿಟ್ಟೇ ಪಾಠ ಹೇಳುತ್ತಿದ್ದರು. ನಿವೃತ್ತಿಯ ನಂತರ ಅಂಕೋಲೆ ತಾಲೂಕಿನ ಬೇಲೆಕೇರಿಯಲ್ಲಿ ಹಳೆಯ ಮನೆಯೊಂದನ್ನು ಕೊಳ್ಳಲು ಹೊರಟಾಗ, ಅವರು ಬಿಟ್ಟಿದ್ದ ಭಾಗವೇ ಖರೀದಿಪತ್ರದ ಕರಡಿನ ರೂಪದಲ್ಲಿ ಅವರ ಎದುರು ಬಂದಿತು.

ಮನೆ ದೊಡ್ಡದಲ್ಲ. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಎದುರಿಗೆ ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ, ಹಿತ್ತಿಲಲ್ಲಿ ತೆಂಗು ಮತ್ತು ಒಂದು ಇಷಾಡು ಮಾವಿನ ಮರ, ಅದರಾಚೆ ಸಿಹಿನೀರಿನ ಬಾವಿ. ಅಂಗಳಕ್ಕೆ ಬಾಗಿಲಿಲ್ಲ, ಎರಡು ಕಂಬಗಳ ನಡುವೆ ಗಳಗಳನ್ನು ಸೇರಿಸಿದ ದಣಪೆ ಮಾತ್ರ. ಮಾರುವ ಮನೆತನ ಎರಡು ತಲೆಮಾರುಗಳ ಹಿಂದೆಯೇ ಮುಂಬಯಿ ಸೇರಿತ್ತು. ಈ ಕರಾವಳಿಯಲ್ಲಿ ಅದು ಹೊಸ ಸಂಗತಿಯಲ್ಲ. ಯಶವಂತ ಚಿತ್ತಾಲರು (1928–2014) ಮುಂಬಯಿಯಲ್ಲಿದ್ದುಕೊಂಡೇ ಹನೇಹಳ್ಳಿಯನ್ನು ತಮ್ಮ ಕಥನದ ನೆಲೆಯಾಗಿಸಿಕೊಂಡರು. ಊರನ್ನು ಬಿಟ್ಟವರು ಊರಿನ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ನೆರೆಯವರಲ್ಲಿ ಇಟ್ಟುಹೋಗುವುದು ಇಲ್ಲಿಯ ರೂಢಿ. ಅಂಥ ಮನೆಗಳೇ ಈಗ ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ.

ಮಾಸ್ತರರನ್ನು ಅಲ್ಲಿಗೆ ಸೆಳೆದದ್ದು ಊರಿನ ನಿಶ್ಶಬ್ದ. ಆದರೆ ಆ ನಿಶ್ಶಬ್ದಕ್ಕೆ ಎಷ್ಟು ವಯಸ್ಸು ಎಂದು ಅವರು ವಿಚಾರಿಸಿರಲಿಲ್ಲ. 2010ರವರೆಗೆ ಬಳ್ಳಾರಿ–ಹೊಸಪೇಟೆ ಸೀಮೆಯ ಕಬ್ಬಿಣದ ಅದಿರು ಹುಬ್ಬಳ್ಳಿ, ಯಲ್ಲಾಪುರ ಹಾದು ಅರಬೈಲು ಘಟ್ಟವಿಳಿದು ಲಾರಿಗಳಲ್ಲಿ ಬೇಲೆಕೇರಿಯ ಬಂದರಿಗೆ ಬರುತ್ತಿತ್ತು. ಹಗಲು ರಾತ್ರಿ ಲಾರಿಗಳ ಸಾಲು. ತೆಂಗಿನ ಗರಿಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಕೆಂಪು ಧೂಳು. ಆ ವರ್ಷ ಬಂದರಿನಲ್ಲಿ ಜಪ್ತಿಯಾದ ಅದಿರಿನಲ್ಲಿ ಸುಮಾರು 5 ಲಕ್ಷ ಟನ್ನು ಕಾಣೆಯಾದದ್ದು ನಾಡಿನ ದೊಡ್ಡ ಹಗರಣವಾಯಿತು. ಸರಕಾರ ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈಯಲ್ಲಿ ಲೋಕಾಯುಕ್ತರ ವರದಿ ಬಂದಿತು. ಲಾರಿಗಳು ನಿಂತವು. ಮಾಸ್ತರರು ಮೆಚ್ಚಿದ ಮೌನ ಹೀಗೆ ಒಂದು ಸದ್ದು ಹಠಾತ್ತನೆ ನಿಂತುಹೋದುದರಿಂದ ಉಂಟಾದದ್ದು.

ಉತ್ತರಕ್ಕೆ, ಕಾರವಾರದ ದಾರಿಯಲ್ಲಿ, ಇನ್ನೊಂದು ಬಗೆಯ ಮೌನವಿದೆ. 1986ರ ಅಕ್ಟೋಬರಿನಲ್ಲಿ ಅಡಿಗಲ್ಲು ಕಂಡ ಸೀಬರ್ಡ್ ನೌಕಾನೆಲೆಗಾಗಿ ಕಡಲಂಚಿನ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ಮರಳದಂಡೆಗಳನ್ನು ಬಿಟ್ಟು ತೋಡೂರಿನಂಥ ಪುನರ್ವಸತಿ ಬಡಾವಣೆಗಳಿಗೆ ಹೋದವು. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. 2005ರ ಮೇ 31ರಂದು ಕಾರ್ಯಾರಂಭ ಮಾಡಿದ ನೆಲೆಗೆ ‘ಕದಂಬ’ ಎಂಬ ಹೆಸರಿಟ್ಟರು. ಆ ಹೆಸರಿನ ಅರಸರ ಹಲಸಿಯ ತಾಮ್ರಪಟಗಳಲ್ಲಿ ಭೂಮಿಯನ್ನು ನಿವರ್ತನಗಳಲ್ಲಿ ಅಳೆದು, ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ದಾನ ಮಾಡಿದ ವಿವರವಿದೆ. ಭೂಮಿ ಯಾರಿಗೆ ಹೋಯಿತೆಂಬುದನ್ನು ಆ ಪಟಗಳು ಸ್ಪಷ್ಟವಾಗಿ ಹೇಳುತ್ತವೆ. ಅದಕ್ಕೆ ಮೊದಲು ಆ ನೆಲದಲ್ಲಿ ಯಾರು ನಡೆದಾಡುತ್ತಿದ್ದರೆಂಬುದು ಅವುಗಳಲ್ಲಿ ಅಷ್ಟು ಸ್ಪಷ್ಟವಿಲ್ಲ.

ಮುಂದಿನ ದಿನಗಳೂ ನಿಶ್ಚಿತವಲ್ಲ. ನಾಗರಿಕ ವಿಮಾನ ನಿಲ್ದಾಣಕ್ಕಾಗಿ ಅಲಗೇರಿ, ಬೇಲೆಕೇರಿ, ಭಾವಿಕೇರಿಗಳಲ್ಲಿ ಭೂಸ್ವಾಧೀನದ ಪ್ರಸ್ತಾವ. ಪಕ್ಕದ ಕೇಣಿಯಲ್ಲಿ ಬಂದರಿನ ಯೋಜನೆ, ಅದಕ್ಕೆ ಮೀನುಗಾರರ ವಿರೋಧ. ಶಾಂತವಾದ ಊರಿನಲ್ಲಿ ಮನೆ ಕೊಳ್ಳುವವನು ಎರಡು ಸದ್ದುಗಳ ನಡುವಣ ಬಿಡುವನ್ನೇ ಕೊಳ್ಳುತ್ತಿರಬಹುದು ಎಂಬುದು ಕಾಗದಪತ್ರಗಳನ್ನು ಓದತೊಡಗಿದ ಮೇಲೆ ಮಾಸ್ತರರಿಗೆ ತಿಳಿಯಿತು.

ಆ ಕಾಗದಗಳನ್ನು ಅವರು ಹಸ್ತಪ್ರತಿಗಳನ್ನು ಓದುವ ಶಿಸ್ತಿನಿಂದಲೇ ಓದಿದರು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಇಲ್ಲಿಯ ಭೂದಾಖಲೆಗಳ ಭಾಷೆಯಲ್ಲಿ ಮರಾಠಿಯ ನೆರಳಿದೆ. ಪಹಣಿಯ ಒಂಬತ್ತನೆಯ ಕಾಲಮಿನಲ್ಲಿ ಖಾತೆದಾರನ ಹೆಸರು, ಹತ್ತರಲ್ಲಿ ಭೂಮಿ ಬಂದ ಬಗೆ, ಹನ್ನೊಂದರಲ್ಲಿ ಇತರೆ ಹಕ್ಕು ಮತ್ತು ಋಣಗಳು, ಹನ್ನೆರಡರಲ್ಲಿ ಸಾಗುವಳಿದಾರ. 1974ರ ಭೂಸುಧಾರಣೆಯ ಕಾಲದಲ್ಲಿ ಈ ಹನ್ನೆರಡನೆಯ ಕಾಲಮಿನಲ್ಲಿ ಹೆಸರಿದ್ದ ಗೇಣಿದಾರನಿಗೆ ಭೂಮಿ ಸಿಗುವ ದಾರಿ ಸುಗಮವಾಯಿತು. ಹೆಸರಿಲ್ಲದವನು ತಾನು ಉಳುತ್ತಿದ್ದುದನ್ನು ಸಾಕ್ಷಿಗಳಿಂದ ಸಾಧಿಸಬೇಕಾಯಿತು. ದಿನಕರ ದೇಸಾಯಿಯವರು ರೈತ ಚಳವಳಿಯನ್ನು ಕಟ್ಟಿದ ತಾಲೂಕಿನಲ್ಲಿ ಒಂದು ಕಾಲಮಿನ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ. 2020ರಲ್ಲಿ ಅದೇ ಕಾಯಿದೆಯ 79ಎ, 79ಬಿ ಕಲಮುಗಳು ರದ್ದಾದ ಮೇಲೆ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ದಾರಿ ತೆರೆಯಿತು. ಧಾರವಾಡದ ಅಧ್ಯಾಪಕನಿಗೆ ಈ ಹಿತ್ತಿಲು ದಕ್ಕುವುದು ಆ ತಿದ್ದುಪಡಿಯಿಂದಲೇ.

ಖರೀದಿಪತ್ರದ ಕರಡಿನಲ್ಲಿ ಜಲ, ತರು, ಪಾಷಾಣ, ನಿಧಿ, ನಿಕ್ಷೇಪ ಎಂಬ ಪದಗಳನ್ನು ಕಂಡಾಗ ಅವರಿಗೆ ಹಿಗ್ಗಾಯಿತು. ವಿಜಯನಗರ ಕಾಲದ ಶಾಸನಗಳ ಅಷ್ಟಭೋಗದ ಸೂತ್ರ ಗಣಕಯಂತ್ರದಲ್ಲಿ ಬೆರಳಚ್ಚಾದ ಪತ್ರದಲ್ಲಿ ಇನ್ನೂ ಬದುಕಿದೆ! ಅದರ ಕೆಳಗೆ ಚಕ್ಕುಬಂದಿ: ನಾಲ್ಕು ದಿಕ್ಕಿಗೂ ನೆರೆಯವರ ಸರ್ವೆ ನಂಬರು ಮತ್ತು ಹಿಸ್ಸೆ. ಮರವಿಲ್ಲ, ಹುತ್ತವಿಲ್ಲ, ಆದರೆ ಕ್ರಮ ಅದೇ.

ಸ್ಥಳ ನೋಡಲು ಮೂರನೆಯ ಸಲ ಹೋದಾಗ ದಣಪೆಯ ಗಳವನ್ನು ಸರಿಸಿ ವೃದ್ಧೆಯೊಬ್ಬರು ಅಂಗಳಕ್ಕೆ ಬಂದರು. ತಲೆಯ ಮೇಲೆ ಬಂಗಡೆಯ ಬುಟ್ಟಿ. ಅಂಗಳವನ್ನು ಹಾದು, ಬಾವಿಯ ಬದಿಯಿಂದ ಹೆದ್ದಾರಿಯ ಕಡೆಗೆ ಹೋಗುವುದು ಅವರ ನಿತ್ಯದ ದಾರಿ. ಹಿಂದಿನ ಕೇರಿಯ ಏಳೆಂಟು ಮನೆಗಳವರು ಹೀಗೆಯೇ ನಡೆಯುತ್ತಾರೆ; ಬೇಸಗೆಯಲ್ಲಿ ಕೇರಿಯ ಬಾವಿಗಳಿಗೆ ಉಪ್ಪು ಹತ್ತಿದಾಗ ಕುಡಿಯುವ ನೀರೂ ಇಲ್ಲಿಂದಲೇ. ಬುಟ್ಟಿಯನ್ನು ಜಗಲಿಯ ಮೇಲಿಳಿಸಿ ಆಕೆ ಕೇಳಿದರು: “ಮಾಸ್ತರೇ, ನಿಮ್ಮ ಕಾಗದದಲ್ಲಿ ನಮ್ಮ ದಾರಿ ಇದೆಯೋ?”

“ನೋಡಿ ಹೇಳುತ್ತೇನೆ, ಅಮ್ಮಾ” ಎಂದರು ಮಾಸ್ತರರು. ದಾರಿ ಕಾಗದದಲ್ಲಿ ಇರಲಿಲ್ಲ. ಕಂಪೌಂಡಿನ ಗೋಡೆಗೆಂದು ಚಿರೆಕಲ್ಲಿನ ದರವನ್ನು ಅವರು ಆಗಲೇ ವಿಚಾರಿಸಿಯೂ ಇದ್ದರು.

ಕಾನೂನು ಈ ವಿಷಯದಲ್ಲಿ ಮೂಕವಲ್ಲ. 1882ರ ಈಸ್‌ಮೆಂಟ್ ಕಾಯಿದೆಯ 15ನೆಯ ಕಲಮಿನಂತೆ, 20 ವರ್ಷ ಬಹಿರಂಗವಾಗಿ, ಹಕ್ಕಿನಿಂದ, ತಡೆಯಿಲ್ಲದೆ ಬಳಸಿದ ದಾರಿಯ ಮೇಲೆ ನಡೆದವರಿಗೆ ಹಕ್ಕು ಹುಟ್ಟುತ್ತದೆ. ಆದರೆ ಅದನ್ನು ನ್ಯಾಯಾಲಯದಲ್ಲಿ ಸಾಧಿಸಬೇಕು. ಮಾಲೀಕನ ಅನುಮತಿಯಿಂದ ನಡೆದದ್ದು ಎಂದು ಎದುರುಪಕ್ಷ ವಾದಿಸಿದರೆ ಹಕ್ಕೇ ಕರಗಬಹುದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇದಕ್ಕೆ ಬೇರೆಯೇ ವ್ಯವಸ್ಥೆಯಿದೆ. ಅಲ್ಲಿ 1949ರ ಕಾಯಿದೆಯೊಂದರ ಪ್ರಕಾರ ಸಾರ್ವಜನಿಕ ಕಾಲುದಾರಿಗಳನ್ನು ನಕಾಶೆಗಳಲ್ಲಿ ದಾಖಲಿಸಲಾಯಿತು. ನಗರದಿಂದ ಬಂದು ಹಳ್ಳಿಮನೆಯನ್ನು ಕೊಂಡವನು ತೋಟದ ನಡುವೆ ಅಂಥ ದಾರಿಯಿದ್ದರೆ ಅದನ್ನು ಮುಚ್ಚುವಂತಿಲ್ಲ. ನಮ್ಮಲ್ಲಿ ಕೇರಿಯ ಇಂಥ ದಾರಿಗಳು ಬಹುಮಟ್ಟಿಗೆ ನಡೆಯುವವರ ಕಾಲಿನಲ್ಲಿ, ಮನೆಯವರ ದಾಕ್ಷಿಣ್ಯದಲ್ಲಿ ಉಳಿದಿವೆ. ಮನೆ ಕೈಬದಲಾದಾಗ ದಾಕ್ಷಿಣ್ಯ ವರ್ಗವಾಗುವುದಿಲ್ಲ.

ದಾರಿಯನ್ನು ಪತ್ರದಲ್ಲಿ ಬರೆಯಿಸಬೇಕೆಂದು ಮಾಸ್ತರರು ಹೇಳಿದಾಗ ವಕೀಲರು ಒಪ್ಪಲಿಲ್ಲ. ನಡೆಯಲು ಬಿಡುವುದಾದರೆ ಬಿಡಿ, ಬರೆದುಕೊಡಬೇಡಿ. ಮುಂದೆ ಮಾರುವಾಗ ಬೆಲೆ ಇಳಿಯುತ್ತದೆ ಎಂಬುದು ಅವರ ಮಾತು. ಅದು ಸುಳ್ಳಲ್ಲ. ಮಾಸ್ತರರ ಮಗನೂ ಅದನ್ನೇ ಹೇಳಿದ. ಉಳಿತಾಯದ ಬಹುಪಾಲು ಈ ಮನೆಗೇ ಹೋಗುವುದಿತ್ತು.

ಜೈನ ಪರಿಭಾಷೆಯಲ್ಲಿ ಗೃಹಸ್ಥನಿಗೆ ‘ಸಾಗಾರ’ ಎಂದೂ ಮುನಿಗೆ ‘ಅನಗಾರ’ ಎಂದೂ ಹೆಸರು, ಮನೆಯುಳ್ಳವನು, ಮನೆಯಿಲ್ಲದವನು. ಸಾಗಾರನಿಗೆ ಮನೆ ಬೇಡವೆಂದು ಶಾಸ್ತ್ರ ಹೇಳುವುದಿಲ್ಲ. ತತ್ತ್ವಾರ್ಥಸೂತ್ರವು ಪರಿಗ್ರಹ ಪರಿಮಾಣವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಹೇಳುವುದು ಕ್ಷೇತ್ರ–ವಾಸ್ತುಗಳ, ಎಂದರೆ ಹೊಲ–ಮನೆಗಳ, ಮಿತಿಯನ್ನು ಮೀರುವುದನ್ನು. ಈ ಸೂತ್ರವನ್ನು ಮಾಸ್ತರರು ಎಷ್ಟೋ ಸಲ ತರಗತಿಯಲ್ಲಿ ವಿವರಿಸಿದ್ದರು. ಮಿತಿಯೆಂದರೆ ಎಷ್ಟು ಗುಂಟೆ ಎಂಬ ಲೆಕ್ಕವೆಂದೇ ಅವರು ತಿಳಿದಿದ್ದರು. ಕೊಂಡ ಗುಂಟೆಗಳ ಒಳಗೇ ತನ್ನದಲ್ಲದ ಮೂರಡಿ ಅಗಲದ ನೆಲವೊಂದು ಇರಬಹುದೆಂದು ಆ ಪಾಠಗಳಲ್ಲಿ ಅವರಿಗೆ ಹೊಳೆದಿರಲಿಲ್ಲ.

ಮುಂಬಯಿಯ ದಾಯಾದಿಗಳು ಸಹಿಗೆಂದು ಅಂಕೋಲೆಯ ನೋಂದಣಿ ಕಚೇರಿಗೆ ಬಂದ ದಿನ ಚಕ್ಕುಬಂದಿಯ ಕೆಳಗೆ ಒಂದು ವಾಕ್ಯ ಹೆಚ್ಚಾಗಿತ್ತು: ದಣಪೆಯಿಂದ ಬಾವಿಯವರೆಗೆ ಮತ್ತು ಅಲ್ಲಿಂದ ರಸ್ತೆಯವರೆಗೆ ಮೂರಡಿ ಅಗಲದ ಕಾಲುದಾರಿ, ಹಾಗೂ ಬಾವಿಯ ನೀರು, ಹಿಂದಿನ ಕೇರಿಯ ಮನೆಗಳವರಿಗೆ ಪೂರ್ವದಿಂದ ನಡೆದುಬಂದಂತೆ ನಡೆಯತಕ್ಕದ್ದು. ಮನೆತನದ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಅದನ್ನು ಎರಡು ಸಲ ಓದಿದರು. “ಇದನ್ನು ನಮ್ಮ ಅಜ್ಜನೇ ಬರೆಯಿಸಬೇಕಿತ್ತು” ಎಂದು ಸಹಿ ಮಾಡಿದರು.

ಆ ಮಳೆಗಾಲದಲ್ಲಿ ಮಾಸ್ತರರು ಚಿರೆಕಲ್ಲಿನ ಗೋಡೆಯ ಬದಲು ಹಳೆಯ ದಣಪೆಗೆ ಹೊಸ ಗಳಗಳನ್ನು ಹಾಕಿಸಿದರು. ಈಗ ಬೆಳಗಿನ ಹೊತ್ತು ಅವರ ಅಂಗಳದಲ್ಲಿ ನಿಶ್ಶಬ್ದವಿಲ್ಲ: ಗಳ ಸರಿಯುವ ಸದ್ದು, ಕೊಡಗಳ ಸದ್ದು, ಬಂಗಡೆಯ ದರದ ಮಾತು. ಅವರು ಜಗಲಿಯಲ್ಲಿ ಕುಳಿತು ಹಲಸಿಯ ಶಾಸನಗಳ ಮುದ್ರಿತ ಪಾಠಗಳನ್ನು ಮೊದಲಿನಿಂದ ಓದುತ್ತಿದ್ದಾರೆ. ಈ ಬಾರಿ ಎಲ್ಲೆಗಳ ವಿವರವನ್ನು ಬಿಡದೆ.